ಪಟ್ಟಿಯಲ್ಲಿ ಹೆಸರಿದೆ, ಓಟಿಗೆ ಆಳಿಲ್ಲ

ಚುನಾವಣೆ ಬಂತೆಂದರೆ ಕುಂಬಳೆ, ಉಪ್ಪಳ, ಮಂಜೇಶ್ವರದ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ದುಬಾಯಿಯಲ್ಲಿರುವ ಮಗ ಓಟಿಗೆ ಬರುವನೋ, ಇಲ್ಲವೋ? ಗಡಿ ಕಾಯುವ ಮಗನ ಬಗ್ಗೆ ಈ ಚಿಂತೆಯಿಲ್ಲ. ಸೈನಿಕನಿಗೆ ಅಂಚೆ ಮತವಿದೆ. ಮತಪತ್ರ ಈಗ ಗಣಕಯಂತ್ರದ ಮೂಲಕ ಹೋಗುತ್ತದೆ. ಆತ ಗುರುತು ಹಾಕಿ ಅಂಚೆಯಲ್ಲಿ ಮರಳಿಸುತ್ತಾನೆ. ಎಣಿಕೆಗೆ ಮೊದಲು ತಲುಪಿದರಾಯಿತು. 2003ರಿಂದ ತನ್ನ ಬದಲಿಗೆ ಊರವರೊಬ್ಬರನ್ನು ನೇಮಿಸುವ ದಾರಿಯೂ ಇದೆ. ಹಾಗೆ ಓಟು ಹಾಕಿದವರಿಗೆ ಶಾಯಿ ಬೀಳುವುದು ಎಡಗೈಯ ನಡುಬೆರಳಿಗೆ. ತೋರುಬೆರಳು ಅವರ ಸ್ವಂತ ಓಟಿಗೆ ಬೇಕಲ್ಲ!

ಗಲ್ಫಿನವನಿಗೆ ಇವೆರಡೂ ಇಲ್ಲ. 2010ರ ತಿದ್ದುಪಡಿಯ ತನಕ ಪಟ್ಟಿಗೆ ಹೆಸರು ಸೇರಿಸುವ ಹಕ್ಕೂ ಇರಲಿಲ್ಲ. ಈಗ ಪಾಸ್‌ಪೋರ್ಟಿನಲ್ಲಿರುವ ಊರಲ್ಲಿ ಹೆಸರು ಸೇರಿಸಬಹುದು. ಆದರೆ ಅದೇ ಪಾಸ್‌ಪೋರ್ಟ್ ಹಿಡಿದು ಮತಗಟ್ಟೆಗೆ ತಾನೇ ಬರಬೇಕು. 2024ರ ಲೋಕಸಭಾ ಚುನಾವಣೆಗೆ ಹೀಗೆ ನೋಂದಾಯಿಸಿಕೊಂಡವರು ದೇಶದಲ್ಲಿ 1,19,374 ಮಂದಿ, ಕೇರಳದವರೇ 89,839. ಓಟು ಹಾಕಿದವರು 2,958. ಅವರಲ್ಲಿ ಕೇರಳದವರು 2,670. ವಿಮಾನದ ಟಿಕೇಟು, ರಜೆ, ಧಣಿಯ ಒಪ್ಪಿಗೆ - ಕಟ್ಟಡ ಕೆಲಸದವನಿಗೆ ಇದೆಲ್ಲ ಕೂಡಿ ಬರುವುದುಂಟೇ?

ಇವರಿಗೂ ಬದಲಿ ಮತ ಕೊಡುವ ಮಸೂದೆಯನ್ನು ಲೋಕಸಭೆ 2018ರಲ್ಲಿ ಅಂಗೀಕರಿಸಿತ್ತು. ರಾಜ್ಯಸಭೆ ದಾಟದೆ, 2019ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಅದೂ ಬಿದ್ದುಹೋಯಿತು. ಬದಲಿ ಮತದಲ್ಲಿ ಒಂದು ಅಳುಕೂ ಇದೆ: ಮಗ ಹೇಳಿದ ಗುರುತಿಗೇ ಅಪ್ಪ ಒತ್ತಿದರೆಂದು ನೋಡಿದವರಾರು? ಆ ಮಟ್ಟಿಗೆ ಅಂಚೆಯೇ ಲೇಸು. ಸೈನಿಕರ ಏರ್ಪಾಡನ್ನು ಇವರಿಗೂ ವಿಸ್ತರಿಸಲು ತಾನು ಸಿದ್ಧವೆಂದು ಚುನಾವಣಾ ಆಯೋಗ 2020ರಲ್ಲೇ ಕಾನೂನು ಸಚಿವಾಲಯಕ್ಕೆ ಬರೆದಿತ್ತು.