‘ತರ್ಕ’ಕ್ಕೆ ಮೂಲವಾದ ಮಂಜಿನ ರಾತ್ರಿ

ಸುನೀಲ್ ಕುಮಾರ್ ದೇಸಾಯಿ 1989ರಲ್ಲಿ ‘ತರ್ಕ’ವನ್ನು ತೆರೆಗೆ ತಂದಾಗ ಅದರಲ್ಲಿ ಒಂದೂ ಹಾಡಿರಲಿಲ್ಲ. ಹಾಡು ಗೆದ್ದರೆ ಅರ್ಧ ಚಿತ್ರ ಗೆದ್ದಂತೆ ಎಂದು ಗಾಂಧಿನಗರ ನಂಬಿದ್ದ ಕಾಲವದು. ನಿರ್ದೇಶಕರಿಗೋ ಅದು ಮೊದಲ ಚಿತ್ರ. ಆದರೂ ಕನ್ನಡದ ಸಸ್ಪೆನ್ಸ್ ಚಿತ್ರಗಳ ಮಾತು ಬಂದಾಗ ಇವತ್ತಿಗೂ ‘ತರ್ಕ’ದ ಹೆಸರು ಬಾರದೆ ಇರದು.

ಅದರ ಬೇರು ಇರುವುದು ಲಂಡನ್ನಿನ ರಂಗಭೂಮಿಯಲ್ಲಿ. ಅಗಾಥಾ ಕ್ರಿಸ್ಟಿಯ ‘ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್’ ನಾಟಕ 1958ರ ಆಗಸ್ಟ್‌ನಲ್ಲಿ ಅಲ್ಲಿನ ಡಚೆಸ್ ಥಿಯೇಟರಿಗೆ ಬಂತು, 604 ಪ್ರದರ್ಶನ ಕಂಡಿತು. ದಟ್ಟ ಮಂಜು ಕವಿದ ರಾತ್ರಿ. ಕಾರು ಹಳ್ಳಕ್ಕಿಳಿದು ಸಿಕ್ಕಿಕೊಂಡಿದೆ. ಸಹಾಯ ಕೇಳಲು ಹತ್ತಿರದ ಮನೆಗೆ ಹೊಕ್ಕ ಅಪರಿಚಿತನಿಗೆ ಗಾಲಿಕುರ್ಚಿಯಲ್ಲಿ ಹೆಣ ಕಾಣುತ್ತದೆ. ಅಲ್ಲೇ ಪಿಸ್ತೂಲು ಹಿಡಿದು ನಿಂತ ಹೆಂಡತಿ ಲಾರಾ. ನಾನೇ ಕೊಂದೆ ಎನ್ನುತ್ತಾಳೆ. ಬಂದವನು ಪೊಲೀಸರನ್ನು ಕರೆಯುವ ಬದಲು ಅವಳನ್ನು ಉಳಿಸಲು ಕತೆ ಹೆಣೆಯುತ್ತಾನೆ. ಸತ್ತವನು ಒಂದು ಕಾಲದ ದೊಡ್ಡ ಬೇಟೆಗಾರ; ಓಡಾಡುವ ಶಕ್ತಿ ಹೋದ ಮೇಲೆ ಕಿಟಕಿಯ ಬಳಿ ಕೂತು ಬೆಕ್ಕುಗಳಿಗೆ ಗುಂಡು ಹೊಡೆಯುತ್ತಿದ್ದವನು. ಇಂಥವನ ಜತೆ ಬಾಳಿದವಳ ಮಾತನ್ನು ಎಷ್ಟು ನಂಬಬಹುದು? ನಾಟಕ ನಿಂತಿರುವುದು ಈ ಪ್ರಶ್ನೆಯ ಮೇಲೆ. ಕೊಂದವರು ಯಾರೆಂದು ಇಲ್ಲಿ ಹೇಳುವುದಿಲ್ಲ. ನೋಡದವರ ಸುಖ ಕೆಡಿಸಬಾರದು.

ಬಿ.ಆರ್. ಚೋಪ್ರಾ 1973ರಲ್ಲಿ ಇದನ್ನೇ ‘ಧುಂದ್’ ಎಂದು ಹಿಂದಿಗೆ ತಂದರು. 1960ರಲ್ಲೇ ಹಾಡಿಲ್ಲದ ‘ಕಾನೂನ್’ ಮಾಡಿ ಗೆದ್ದವರು ಈ ಸಲ ಹಾಡು ಬಿಡಲಿಲ್ಲ. ಜೀನತ್ ಅಮಾನ್ ಹೆಂಡತಿ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಬಂದಿದ್ದ ಡ್ಯಾನಿ ಡೆನ್ಜೋಂಗ್ಪಾ ಗಂಡ. ಕುರ್ಚಿ ಬಿಟ್ಟು ಏಳಲಾಗದವನ ಸಿಟ್ಟಿಗೆ ಇಡೀ ಮನೆ ನಡುಗುವುದನ್ನು ಡ್ಯಾನಿಯಷ್ಟು ಚೆನ್ನಾಗಿ ತೋರಿಸಿದವರು ಕಡಿಮೆ.

ದೇಸಾಯಿಯವರು ಕತೆಯ ಎಲುಬನ್ನಷ್ಟೇ ಉಳಿಸಿಕೊಂಡರು. ಅವರ ಅತಿಥಿ ಪೊಲೀಸರ ಕೈಯಿಂದ ತಪ್ಪಿಸಿಕೊಂಡು ಬಂದವನು: ಶಂಕರ್ ನಾಗ್. ಗಂಡ ದೇವರಾಜ್, ಸಂಶಯ ಪಿಶಾಚಿ. ಈ ಪಾತ್ರದಿಂದ ದೇವರಾಜ್ ಮನೆಮಾತಾದರು, ನ್ಯಾಯವೇ. ಆದರೆ ಹೆಂಡತಿಯಾದ ವನಿತಾ ವಾಸು ಅವರಿಗೆ ಸಲ್ಲಬೇಕಾದಷ್ಟು ಸಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಹಾಡಿದ್ದಿದ್ದರೆ ನಾಯಕಿಗೆ ಐದು ನಿಮಿಷ ಬಿಡುವು ಸಿಗುತ್ತಿತ್ತು, ಇಲ್ಲಿ ಅದಿಲ್ಲ. ಹೆದರಿದವಳೂ ಹೌದು, ಏನನ್ನೋ ಮುಚ್ಚಿಡುತ್ತಿರುವವಳೂ ಹೌದು ಎಂದು ಒಂದೇ ಮುಖ ಕೊನೆಯವರೆಗೂ ಹೇಳುತ್ತಿರಬೇಕು. ಆ ಮುಖದಲ್ಲಿ ಗುಟ್ಟು ಬಿಟ್ಟುಹೋದರೆ ಚಿತ್ರ ಅಲ್ಲಿಗೇ ಮುಗಿಯಿತು. ವನಿತಾ ಬಿಟ್ಟುಕೊಡಲಿಲ್ಲ.

ಮರುವರ್ಷವೇ ಕೆ.ಎಸ್. ರವಿಕುಮಾರ್ ‘ಪುರಿಯಾದ ಪುದಿರ್’ ಹೆಸರಿನಲ್ಲಿ ‘ತರ್ಕ’ವನ್ನು ತಮಿಳಿಗೆ ಒಯ್ದರು. ಅವರಿಗೂ ಅದು ಮೊದಲ ಚಿತ್ರ. ಅಲ್ಲಿ ರಘುವರನ್ ಗಂಡ, ರೇಖಾ ಹೆಂಡತಿ.