ಜರ್ಮನಿಯಲ್ಲಿ ಹೊಸ ಬದುಕು: ಮೊದಲು ವಿಳಾಸ, ಆಮೇಲೆ ಉಳಿದದ್ದು

ಬೆಂಗಳೂರಿನಿಂದ ಜರ್ಮನಿಗೆ ಉದ್ಯೋಗಕ್ಕೆಂದು ತೆರಳುವವರು
ಅಲ್ಲಿ ಇಳಿದ ಮೇಲೆ ಮೊದಲು ಮಾಡಬೇಕಾದ ಕೆಲಸ ಯಾವುದು?

ಬಾಡಿಗೆ ಮನೆ ಸೇರಿದ 2 ವಾರಗಳೊಳಗೆ,
ಮನೆ ಮಾಲೀಕರ ದೃಢೀಕರಣ ಪತ್ರದೊಂದಿಗೆ,
ಸ್ಥಳೀಯ ಆಡಳಿತದ ಕಚೇರಿಯಲ್ಲಿ ಹೆಸರು ದಾಖಲಿಸಬೇಕಾಗುತ್ತದೆ;
ಈ ವಾಸಸ್ಥಳ ನೋಂದಣಿಯನ್ನು ಅಲ್ಲಿ ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ.

ಹಾಸು ಹೂಡದ ಮಗ್ಗದಲ್ಲಿ ಹೊಕ್ಕು ಹಾಯಿಸಲಾಗದಂತೆ,
ಈ ನೋಂದಣಿಯಿಲ್ಲದೆ
ಉಳಿದ ವ್ಯವಹಾರಗಳು ಮುಂದುವರಿಯುವುದು ಕಷ್ಟ.

ಏಕೆಂದರೆ ಸಂಬಳದ ಮೇಲಿನ ತೆರಿಗೆಯನ್ನು ಸರಿಯಾಗಿ ಲೆಕ್ಕಹಾಕಲು ಬೇಕಾದ,
ಜೀವನಪರ್ಯಂತ ಬದಲಾಗದ 11 ಅಂಕಿಗಳ ತೆರಿಗೆ ಗುರುತಿನ ಸಂಖ್ಯೆಯು
ನೋಂದಣಿಯ ಬಳಿಕ ಅಂಚೆಯಲ್ಲಿ ಬರುತ್ತದೆ;
ಮನೆಯ ಅಂಚೆಪೆಟ್ಟಿಗೆಯ ಮೇಲೆ ನಿವಾಸಿಯ ಹೆಸರು ಅಂಟಿಸಿರದಿದ್ದರೆ
ಆ ಪತ್ರ ಕೈಸೇರದೆ ಹಿಂದಿರುಗಬಹುದು.

ದುಡಿಮೆಯ ವಿಷಯದಲ್ಲಿಯೂ ಕಾಯಿದೆಯ ಆಸರೆ ಗಟ್ಟಿಯಾಗಿದೆ:
ವಾರಕ್ಕೆ 5 ದಿನ ದುಡಿಯುವವರಿಗೆ
ವರ್ಷಕ್ಕೆ ಕನಿಷ್ಠ 20 ದಿನಗಳ ವೇತನಸಹಿತ ರಜೆಯುಂಟು;
4 ವಾರಗಳ ಸೇವೆ ಪೂರೈಸಿದವರು ಕಾಯಿಲೆ ಬಿದ್ದರೆ
6 ವಾರಗಳವರೆಗೆ ಉದ್ಯೋಗದಾತರೇ ಸಂಬಳ ಕೊಡಬೇಕಾಗುತ್ತದೆ.

ರಜೆ ಕೇಳಲು ಅಳುಕುವ ಅಭ್ಯಾಸವನ್ನು ಊರಿನಿಂದ ಹೊತ್ತೊಯ್ದವರು
ಇದು ಯಾರದೋ ಕೃಪೆಯಲ್ಲ, ತಮ್ಮ ಹಕ್ಕು ಎಂದು ಅರಿತು
ಅದನ್ನು ನಿಸ್ಸಂಕೋಚವಾಗಿ ಬಳಸುವುದು,
ಹೊಸ ನಾಡಿಗೆ ಹೊಂದಿಕೊಳ್ಳುವ ದಾರಿಯಲ್ಲಿ
ಮಹತ್ವದ ಹೆಜ್ಜೆಯಾಗಿದೆ.