ಹೆದ್ದಾರಿಯ ವೇಗಕ್ಕೆ ಕಾನೂನಿನ ಪಥ್ಯ

ಆರೋಗ್ಯದ ಪುಟದಲ್ಲಿ ಪೊಲೀಸರ ಮಾತೇಕೆ ಎಂದು ಓದುಗ ಬಂಧುಗಳಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳ ಸಂಗತಿ ಈ ಪುಟಕ್ಕೆ ಸಹಜವಾದುದು. ಆದರೆ 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯೇ ಹೇಳುತ್ತದೆ. ದಿನವೊಂದಕ್ಕೆ ಸುಮಾರು 460 ಜೀವಗಳು. ಹೀಗೆ ಹೋದವರಲ್ಲಿ ಮೂವರಿಗೆ ಇಬ್ಬರಂತೆ 18ರಿಂದ 45ರೊಳಗಿನ ವಯಸ್ಸಿನವರು. ಮನೆಯ ಭಾರ ಹೊತ್ತವರು. ಯಾವುದಾದರೊಂದು ಜ್ವರ ಇಷ್ಟು ಜನರನ್ನು ಕೊಂಡೊಯ್ದಿದ್ದರೆ ಊರೂರಿನಲ್ಲಿ ಲಸಿಕೆಯ ಶಿಬಿರಗಳು ನಡೆಯುತ್ತಿದ್ದವು. ದೇಶದ ಒಟ್ಟು ರಸ್ತೆಯ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ಶೇಕಡ 2ರಷ್ಟು ಮಾತ್ರ. ಸಾವಿನಲ್ಲಿ ಅವುಗಳ ಪಾಲು ಶೇಕಡ 36. ಈ ರೋಗಕ್ಕಿರುವ ಮದ್ದುಗಳಲ್ಲಿ ಒಂದು, ನಮಗೆ ಅಷ್ಟಾಗಿ ರುಚಿಸದ ಒಂದು, ಖಾಕಿ ತೊಟ್ಟು ರಸ್ತೆಯ ಬದಿಯಲ್ಲಿ ನಿಂತಿರುತ್ತದೆ.

ಬೆಂಗಳೂರು–ಮೈಸೂರು ಹೆದ್ದಾರಿಯ ಕಥೆ ನಮ್ಮೆಲ್ಲರ ಕಣ್ಣೆದುರು ನಡೆದದ್ದು. ಸುಮಾರು 119 ಕಿಲೋಮೀಟರ್ ಉದ್ದದ ಈ ಮಾರ್ಗ 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಲೋಕಾರ್ಪಣೆಗೊಂಡಿತು. ಮೂರು ಗಂಟೆಯ ಪಯಣ ಒಂದೂವರೆ ಗಂಟೆಗೆ ಇಳಿಯಿತೆಂದು ಎಲ್ಲರೂ ಹಿಗ್ಗಿದರು. ಆದರೆ ಆ ವರ್ಷದ ಅರ್ಧ ಕಳೆಯುವಷ್ಟರಲ್ಲಿ ಅದೇ ದಾರಿಯಲ್ಲಿ ನೂರಕ್ಕೂ ಹೆಚ್ಚು ಜನ ಅಸುನೀಗಿದ್ದರು. ರಾಮನಗರ, ಮಂಡ್ಯ ಜಿಲ್ಲೆಗಳ ಆಸ್ಪತ್ರೆಗಳ ಶವಾಗಾರಗಳ ಮುಂದೆ ಬಂಧುಗಳು ಕಾಯುವುದು ನಿತ್ಯದ ನೋಟವಾಯಿತು. ಆಗ ಸಂಚಾರ ಮತ್ತು ರಸ್ತೆ ಸುರಕ್ಷತಾ ವಿಭಾಗದ ಹೊಣೆ ಹೊತ್ತಿದ್ದ ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕ ಅಲೋಕ್ ಕುಮಾರ್ ಅವರು ಸ್ವತಃ ಮಾರ್ಗವನ್ನು ಪರಿಶೀಲಿಸಿದರು. ವೇಗದ ಮಿತಿಯನ್ನು ಗಂಟೆಗೆ 100 ಕಿಲೋಮೀಟರ್ ಎಂದು ಬಿಗಿಗೊಳಿಸಿ, ವೇಗ ಅಳೆಯುವ ಲೇಸರ್ ಗನ್ನುಗಳೊಡನೆ ಸಿಬ್ಬಂದಿಯನ್ನು ನಿಲ್ಲಿಸಲಾಯಿತು. ಪೊಲೀಸ್ ಇಲಾಖೆಯ ಲೆಕ್ಕದಂತೆ ಜುಲೈ ತಿಂಗಳಿನ ಸಾವುಗಳು ಜೂನ್‌ನ ಸಾವುಗಳ ಮೂರನೆಯ ಒಂದು ಭಾಗಕ್ಕೂ ಕೆಳಗಿಳಿದವು. ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ಪಥದಲ್ಲಿ ಪ್ರವೇಶ ನಿಂತಿತು. ಬಳಿಕ ಕ್ಯಾಮೆರಾಗಳು ಬಂದವು. 2024ರಲ್ಲಿ ಸತ್ತವರ ಸಂಖ್ಯೆ ಹಿಂದಿನ ವರ್ಷದ ಅರ್ಧಕ್ಕೂ ಕಡಿಮೆಯಾಗಿತ್ತು. ಜೂನ್‌ನಿಂದ ಜುಲೈಗೆ ರಸ್ತೆ ಬದಲಾಗಿರಲಿಲ್ಲ, ವಾಹನಗಳು ಬದಲಾಗಿರಲಿಲ್ಲ, ಚಾಲಕರೂ ಅವರೇ. ಬದಲಾದದ್ದು ಒಂದೇ: ತಮ್ಮನ್ನು ಯಾರೋ ನೋಡುತ್ತಿದ್ದಾರೆಂಬ ಅರಿವು.

ವೇಗದ ಮೇಲೆಯೇ ಇಷ್ಟು ಒತ್ತೇಕೆ? 2022ರಲ್ಲಿ ಸತ್ತವರಲ್ಲಿ ಶೇಕಡ 70ಕ್ಕಿಂತ ಹೆಚ್ಚು ಮಂದಿಯ ಸಾವಿಗೆ ಅತಿವೇಗವನ್ನೇ ಕಾರಣವೆಂದು ವರದಿ ಗುರುತಿಸಿದೆ. ಇದರ ಹಿಂದೆ ದೇಹಧರ್ಮದ ಸತ್ಯವೊಂದಿದೆ. ವೇಗ 80ರಿಂದ 120ಕ್ಕೆ ಏರಿದಾಗ ಡಿಕ್ಕಿಯ ಬಲ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗುತ್ತದೆ. ವಾಹನ ಥಟ್ಟನೆ ನಿಂತರೂ ಒಳಗಿರುವ ದೇಹ ಅದೇ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತದೆ. ದೇಹ ನಿಂತಮೇಲೂ ತಲೆಬುರುಡೆಯೊಳಗಿನ ಮಿದುಳು, ಎದೆಗೂಡಿನೊಳಗಿನ ಹೃದಯ ಹಾಗೂ ಮಹಾಧಮನಿಗಳು ಚಲಿಸುತ್ತಲೇ ಇದ್ದು ಬಡಿದು ಹರಿಯುತ್ತವೆ. ಹೊರಗೆ ಗೀರೂ ಕಾಣದ ಗಾಯಾಳು ಆಸ್ಪತ್ರೆ ಸೇರುವ ಮುನ್ನ ತೀರಿಹೋಗುವುದು ಹೀಗೆಯೇ. ಇನ್ನು 120ರ ವೇಗದ ಕಾರು ಒಂದು ಸೆಕೆಂಡಿಗೆ 33 ಮೀಟರ್ ಕ್ರಮಿಸುತ್ತದೆ. ಎದುರಿಗೆ ದನವೊಂದು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿಯೇ ಅಷ್ಟು ದೂರ ಮುಗಿದಿರುತ್ತದೆ. ಸರಾಸರಿ ವೇಗ ಶೇಕಡ 1ರಷ್ಟು ಹೆಚ್ಚಿದರೆ ಮಾರಕ ಅಪಘಾತದ ಸಂಭವ ಶೇಕಡ 4ರಷ್ಟು ಹೆಚ್ಚುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಿರುಗಿಸಿ ಓದಿದರೆ, ಕೊಂಚ ತಗ್ಗಿದ ವೇಗವೂ ಹಲವರ ಆಯುಸ್ಸನ್ನು ಉಳಿಸುತ್ತದೆ.

ದಂಡ ಹೆಚ್ಚಿಸಿದರೆ ಸಾಕೆಂಬ ಮಾತನ್ನು ನಾವು ಪೂರ್ಣವಾಗಿ ಒಪ್ಪಲಾರೆವು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ದಂಡದ ಮೊತ್ತಗಳನ್ನು ಬಹಳವಾಗಿ ಏರಿಸಿತು. ಮದ್ಯ ಸೇವಿಸಿ ವಾಹನ ನಡೆಸಿದರೆ ಮೊದಲ ಸಲವೇ 10,000 ರೂಪಾಯಿ ದಂಡ, ಇಲ್ಲವೇ ಸೆರೆ, ಇಲ್ಲವೇ ಎರಡೂ. ಆದರೂ ಮನುಷ್ಯನ ಮನಸ್ಸು ಮೊತ್ತಕ್ಕಿಂತ ಸಿಕ್ಕಿಬೀಳುವ ಖಚಿತತೆಗೆ ಹೆಚ್ಚು ಮಣಿಯುತ್ತದೆ. ಮಾತ್ರೆಯನ್ನು ವಾರಕ್ಕೊಮ್ಮೆ ಹಿಡಿ ತುಂಬ ನುಂಗಿದರೆ ಗುಣವಾಗುವುದಿಲ್ಲ. ದಿನವೂ ಹೊತ್ತಿಗೆ ಸರಿಯಾಗಿ ಒಂದು ನುಂಗಬೇಕು. ಜಾರಿಯೂ ಹಾಗೆಯೇ. ರಸ್ತೆ ಸುರಕ್ಷತಾ ಸಪ್ತಾಹದಲ್ಲಿ ಭರದಿಂದ ತಪಾಸಣೆ ನಡೆದು ಮರುವಾರ ಬ್ಯಾರಿಕೇಡುಗಳು ಮೂಲೆ ಸೇರಿದರೆ ಚಾಲಕನು ಕಲಿಯುವುದು ಕ್ಯಾಲೆಂಡರನ್ನು, ನಿಯಮವನ್ನಲ್ಲ. ರಸೀದಿಯಿಲ್ಲದೆ ಕೈ ಬದಲಾಗುವ ನೋಟಂತೂ ಈ ಮದ್ದಿಗೆ ಬೆರೆಸಿದ ವಿಷ; ಹಾಗೆ ಕೊಟ್ಟು ಪಾರಾದವನು ಅದೇ ವೇಗದಲ್ಲಿ ಮುಂದೆ ಸಾಗುತ್ತಾನೆ. ಕ್ಯಾಮೆರಾದ ಗುಣ ಇಲ್ಲಿದೆ: ಅದಕ್ಕೆ ಮುಖ ನೋಡುವ ರೂಢಿಯಿಲ್ಲ. ಆದರೆ ಕ್ಯಾಮೆರಾದ ಬಳಿ ತಗ್ಗಿ, ದಾಟಿದೊಡನೆ ಹಾರುವವರೂ ಇದ್ದಾರೆ. ಎರಡು ಕಂಬಗಳ ನಡುವಿನ ದೂರವನ್ನು ಹಿಡಿದ ಕಾಲದಿಂದ ಭಾಗಿಸಿ ಸರಾಸರಿ ವೇಗ ಲೆಕ್ಕ ಹಾಕುವ ವಿಧಾನವೇ ಅವರಿಗೆ ತಕ್ಕುದು.

ಎಲ್ಲ ಭಾರವನ್ನೂ ಪೊಲೀಸರ ಹೆಗಲಿಗೇರಿಸುವುದು ನ್ಯಾಯವಲ್ಲ. ಹೆದ್ದಾರಿ ಹೊಲವನ್ನೂ ಊರನ್ನೂ ಸೀಳಿಕೊಂಡು ಹೋದಮೇಲೆ ಆಚೆಯ ಗದ್ದೆಗೆ ಹೋಗುವ ರೈತ ಬೇಲಿ ದಾಟದೆ ಮತ್ತೇನು ಮಾಡಿಯಾನು? ಮೇಲ್ಸೇತುವೆಯನ್ನೂ ಸರಿಯಾದ ಸರ್ವಿಸ್ ರಸ್ತೆಯನ್ನೂ ಮೊದಲು ಕೊಟ್ಟು ಆಮೇಲೆ ನಿಷೇಧ ಹೇರಬೇಕಿತ್ತೆಂಬ ಬೈಕ್ ಸವಾರರ ದೂರಿನಲ್ಲಿ ಹುರುಳಿದೆ. ಅತ್ತ ನಮ್ಮ ಕಡೆಯಿಂದಲೂ ಲೋಪಗಳಿವೆ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹುರುಳಿ, ರಾಗಿ ಹರಡುವುದು, ಹಿಂದೆ ಕೆಂಪು ದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದೆ ಕಬ್ಬಿನ ಟ್ರೈಲರನ್ನು ಇರುಳಿನಲ್ಲಿ ಓಡಿಸುವುದು ಹಳ್ಳಿಗಳಲ್ಲಿ ತಪ್ಪೆಂದೇ ತೋರುವುದಿಲ್ಲ. ಕಾರಿನ ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯವೆಂಬುದನ್ನು ಎಷ್ಟು ಕುಟುಂಬಗಳು ಪಾಲಿಸುತ್ತವೆ? 2022ರಲ್ಲಿ ಹೆಲ್ಮೆಟ್ ಧರಿಸದೆ ಸತ್ತವರೇ 50,029 ಮಂದಿ.

ಒಂದು ವಿಷಯದಲ್ಲಿ ಮಾತ್ರ ಪೊಲೀಸರ ಭಯ ಪ್ರಾಣಕ್ಕೆ ಎರವಾಗಿದೆ. ಅಪಘಾತವಾದ ಮೊದಲ ಒಂದು ಗಂಟೆಯಲ್ಲಿ ಚಿಕಿತ್ಸೆ ದೊರೆತರೆ ಬದುಕುವ ಸಂಭವ ಬಹಳ ಹೆಚ್ಚು. ಆದರೆ ಠಾಣೆ, ಕೋರ್ಟು, ಸಾಕ್ಷಿಯೆಂದು ಅಲೆಯಬೇಕಾದೀತೆಂದು ದಾರಿಹೋಕರು ಮುಖ ತಿರುಗಿಸುತ್ತಿದ್ದರು. ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ನೆರವಿಗೆ ಬಂದವರ ರಕ್ಷಣೆಯ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. 2019ರ ತಿದ್ದುಪಡಿಯ 134ಎ ಕಲಮು ಅದನ್ನೇ ಕಾನೂನಾಗಿಸಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು, ವಿಳಾಸ ಹೇಳಲೇಬೇಕೆಂದು ಯಾರೂ ಬಲವಂತ ಮಾಡುವಂತಿಲ್ಲ. ಸೇರಿಸಿ ಕೂಡಲೇ ಹೊರಟುಬಿಡಬಹುದು. ಆಂಬುಲೆನ್ಸಿಗೆ 108, ಪೊಲೀಸರಿಗೆ 112, ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ಈ ಮೂರು ಸಂಖ್ಯೆಗಳನ್ನು ಮನೆಯ ಪ್ರತಿಯೊಬ್ಬರ ಮೊಬೈಲಿನಲ್ಲಿ ಇಂದೇ ಬರೆದಿಡಬೇಕೆಂದು ಕೋರುತ್ತೇವೆ.